ನಿಮಗಿದು ಗೊತ್ತೆ? ನಾಯಿಗೂ ಬೇಕು ಬಿ3

ತೆಲಂಗಾಣದ ನಾರ್ವ, ಮಕ್ತಲ್ ಕಡೆ ಮಿಕ್ಕ ಜೋಳದ ರೊಟ್ಟಿ ಬಾಗಿಲ ನಾಯಿಯ ಪಾಲು. ಆದರೆ ದಿನವೂ ಬರೀ ರೊಟ್ಟಿಯಾದರೆ ಬಿ3 ಜೀವಸತ್ವ ಸಾಲದೆ ಹೋಗಬಹುದು. ಆ ಕೊರತೆ ಹೆಚ್ಚಿದರೆ ಬರುವುದೇ ‘ಕಪ್ಪು ನಾಲಿಗೆ’ ರೋಗ: ಬಾಯಿಹುಣ್ಣು, ಜೊಲ್ಲು, ಭೇದಿ. ಮನುಷ್ಯರ ಪೆಲ್ಲಾಗ್ರಕ್ಕೆ ಇದು ಒಡಹುಟ್ಟು. 1937ರಲ್ಲಿ ಅಮೆರಿಕದ ವಿಜ್ಞಾನಿ ಕಾನ್ರಾಡ್ ಎಲ್ವೆಹೆಮ್ ಇಂಥ ನಾಯಿಗಳನ್ನು ನಿಕೊಟಿನಿಕ್ ಆಮ್ಲದಿಂದ (ಇದು ಬಿ3ರದೇ ರೂಪ) ಗುಣಪಡಿಸಿದರು. ಪೆಲ್ಲಾಗ್ರದ ಮದ್ದು ಸಿಕ್ಕಿದ್ದೂ ಹಾಗೆಯೇ. ಜೋಳ ಉಣ್ಣುವವರಿಗೆ ಪೆಲ್ಲಾಗ್ರ ಏಕೆಂದು 1960ರ ದಶಕದಲ್ಲಿ ಹೈದರಾಬಾದಿನ ವಿಜ್ಞಾನಿ ಸಿ. ಗೋಪಾಲನ್ ಅವರ ತಂಡ ಹುಡುಕಿತು. ಜೋಳದಲ್ಲಿ ಹೇರಳವಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ಬೆರೆಸಿ ತಿನ್ನಿಸಿದ ನಾಯಿಮರಿಗಳಿಗೂ ಕಪ್ಪು ನಾಲಿಗೆ ಬಂತು. (ಲ್ಯೂಸಿನ್ನೇ ಕಾರಣವೆಂಬ ಈ ವಾದಕ್ಕೆ ಮುಂದೆ ತಕರಾರೂ ಎದ್ದಿತು.)

ಇನ್ನು ಸಿ ಜೀವಸತ್ವದ ಚಿಂತೆ ಬೇಡ, ನಾಯಿಯ ಯಕೃತ್ತೇ ಅದನ್ನು ತಯಾರಿಸುತ್ತದೆ. ಡಿ ಹಾಗಲ್ಲ. ಅಂಗಳದ ಬಿಸಿಲಿಗೆ ಎಷ್ಟು ಮೈಚಾಚಿದರೂ ಸಾಲದು. ಮೀನು, ಮೊಟ್ಟೆಯಂಥ ಊಟದಿಂದಲೇ ಬರಬೇಕು.