ಡಬ್ಬಿ ಸತ್ತಿತು ಅಂದವರ್ಯಾರು?

ರಜೆಗೆ ಬೆಂಗಳೂರಿನಿಂದ ಬ್ಯಾಕೋಡಿಗೆ ಬಂದಿದ್ದ ಅಕ್ಕನ ಮಗ ಜಗಲಿ ಮೇಲೆ ಕಾಲು ಚಾಚಿಕೊಂಡು ತೀರ್ಪು ಕೊಟ್ಟ: "ಡೌನ್‌ಲೋಡ್ ಬಂತು ಮಾವ, ಡಬ್ಬಿ ಕಥೆ ಮುಗೀತು." ಮಾರಿಯೊ ಥರದ ಜಿಗಿಯುವ ವಿಡಿಯೊ ಆಟಗಳ ಡಬ್ಬಿಯನ್ನಂತೂ ಈಗ ಅಂಗಡಿಯಲ್ಲಿ ಯಾರೂ ಕೊಳ್ಳುವುದೇ ಇಲ್ಲವಂತೆ. ಯಾರು ಹೇಳಿದ್ದೋ ಅಂದರೆ, "ಎಲ್ಲರಿಗೂ ಗೊತ್ತು." ಈ ಎರಡು ಪದ ಕೇಳಿದರೆ ನನಗೆ ಮೈ ಉರಿಯುತ್ತದೆ.

ಡೌನ್‌ಲೋಡಿನಿಂದಲೇ ಬದುಕಿದ ಆಟಗಳಿವೆ, ಇಲ್ಲ ಅನ್ನುವುದಿಲ್ಲ. 2008ರಲ್ಲಿ ‘ಬ್ರೇಡ್’ ಬಂದದ್ದು ಎಕ್ಸ್‌ಬಾಕ್ಸಿನ ಡೌನ್‌ಲೋಡ್ ಅಂಗಡಿಗೆ, 15 ಡಾಲರಿಗೆ. ಅಷ್ಟು ಬೆಲೆಯಲ್ಲಿ ಡಿಸ್ಕ್ ಒತ್ತಿಸಿ, ಡಬ್ಬಿ ಮಾಡಿಸಿ, ಊರೂರಿಗೆ ಸಾಗಿಸಿ, ಅಂಗಡಿಯವನ ಪಾಲನ್ನೂ ಕೊಟ್ಟರೆ ಆಟ ಮಾಡಿದವನಿಗೆ ಉಳಿಯುವುದು ಅಡಕೆ ಸಿಪ್ಪೆ. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಬೆರಳೆಣಿಕೆಯ ಜನ ಸೇರಿ ಮಾಡಿದ ‘ಹಾಲೊ ನೈಟ್’ ಕೂಡ 2017ರಲ್ಲಿ ಹೀಗೇ ಬಂತು. ಅದರ ಮುಂದಿನ ಆಟ ‘ಸಿಲ್ಕ್‌ಸಾಂಗ್’ 2025ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದಾಗ ನೂಕುನುಗ್ಗಲಿಗೆ ಆನ್‌ಲೈನ್ ಅಂಗಡಿಗಳೇ ಕುಸಿದು ಕೂತವು.

ಹಾಗಂತ ಡಬ್ಬಿ ಸತ್ತಿತೇ? ‘ಬ್ರೇಡ್’ ಬಂದ ಮರುವರ್ಷವೇ ‘ನ್ಯೂ ಸೂಪರ್ ಮಾರಿಯೊ ಬ್ರದರ್ಸ್ ವೀ’ ಡಿಸ್ಕಿನಲ್ಲಿ ಬಂದು ಮೂರು ಕೋಟಿಗೂ ಮಿಕ್ಕಿ ಪ್ರತಿ ಮಾರಾಟವಾಯಿತು. ಅದನ್ನು ಕೊಂಡವರು ಆಟದ ಹುಚ್ಚರಷ್ಟೇ ಅಲ್ಲ. ಮಕ್ಕಳಿಗೆ ಏನಾದರೂ ಕೊಡಬೇಕಲ್ಲ ಅಂತ ಅಂಗಡಿಗೆ ಹೋದ ಅಪ್ಪ ಅಮ್ಮ, ಅಜ್ಜಿಯರು. ನಾಲ್ಕು ಜನ ಒಟ್ಟಿಗೆ ಕೂತು ಆಡುವ ಆಟ, ಕಾಗದ ಸುತ್ತಿ ಕೈಗಿಡಬಹುದಾದ ಡಬ್ಬಿ. ಡೌನ್‌ಲೋಡಿಗೆ ಕಾಗದ ಸುತ್ತಲು ಬರುತ್ತದೆಯೇ?

ಹುಡುಗ ಬಿಡಲಿಲ್ಲ. "ಅದು ಹಳೇ ಕಾಲ ಮಾವ." ಸರಿ, 2023ರ ‘ಮಾರಿಯೊ ವಂಡರ್’ ಎರಡೂ ರೂಪದಲ್ಲಿ ಬಂತು, ಎರಡೇ ವಾರದಲ್ಲಿ 43 ಲಕ್ಷ ಪ್ರತಿ ಹೋಯಿತು. ಇನ್ನೂ ತಮಾಷೆ ಎಂದರೆ ಡೌನ್‌ಲೋಡಿನ ಕೂಸಾದ ‘ಹಾಲೊ ನೈಟ್’ಗೇ 2019ರಲ್ಲಿ ಡಬ್ಬಿ ಬಂತು, ಕಪಾಟಿನಲ್ಲಿಡಬೇಕು ಅನ್ನುವ ಅಭಿಮಾನಿಗಳಿಗಾಗಿ. ಯಾರು ಮಾಡಿದ್ದು, ಎಷ್ಟು ಬೆಲೆ, ಯಾರಿಗಾಗಿ ಕೊಳ್ಳುವುದು, ಇಷ್ಟರ ಮೇಲೆ ನಿಂತ ಲೆಕ್ಕ. ಒಂದು ಇನ್ನೊಂದನ್ನು ನುಂಗಿಲ್ಲ.

ಡಬ್ಬಿ ಕೊಂಡರೆ ಪೂರ್ತಿ ಆಟ ಕೈಯಲ್ಲಿ ಅನ್ನುವವರೂ ಇದ್ದಾರೆ. ಆದರೆ ಈಗಿನ ಕೆಲವು ಡಬ್ಬಿಗಳೊಳಗೆ ಇರುವುದು ಡೌನ್‌ಲೋಡ್ ಮಾಡಿಕೊಳ್ಳುವ ಕೋಡು ಮಾತ್ರ. ಇನ್ನು ಕೆಲವರ ಪ್ರಕಾರ ಆನ್‌ಲೈನ್ ಅಂಗಡಿ ಎಂದೂ ಮುಚ್ಚುವುದಿಲ್ಲವಂತೆ. ಆದರೆ ಮಾರಿಯೊ ಮಾಡುವ ನಿಂಟೆಂಡೊ ಕಂಪನಿ 2023ರ ಮಾರ್ಚಿನಲ್ಲಿ ತನ್ನ ಎರಡು ಹಳೇ ಆಟದ ಯಂತ್ರಗಳ ಆನ್‌ಲೈನ್ ಮಾರಾಟ ನಿಲ್ಲಿಸಿತು, ಡೌನ್‌ಲೋಡಿಗೆಂದೇ ಹುಟ್ಟಿದ ಎಷ್ಟೋ ಆಟ ಈಗ ಕೊಳ್ಳಲು ಸಿಗುವುದಿಲ್ಲ.

ಏನನ್ನಾದರೂ ನಂಬುವುದು ನಮ್ಮವರಿಗೆ ಎಷ್ಟು ಸಲೀಸು! 2025ರ ಜುಲೈನಲ್ಲಿ ನಮ್ಮ ಕಡೆಯ ಸಿಗಂದೂರು ಸೇತುವೆ ಶುರುವಾದಾಗ "ಇನ್ನು ನೆಟ್‌ವರ್ಕೂ ಬರ್ತದೆ" ಅಂದವರಿದ್ದರು, ಸಿಗ್ನಲ್ ಏನೋ ಇಷ್ಟು ದಿನ ಹೊಳೆಬಾಗಿಲಲ್ಲಿ ಹೊಳೆ ದಾಟಿಸುವ ಲಾಂಚಿಗೆ ಕಾಯುತ್ತಿದ್ದ ಹಾಗೆ. ನಮ್ಮ ಕಾಲದಲ್ಲೂ ಅಷ್ಟೇ. ವಿಡಿಯೊ ಆಟದ ಕ್ಯಾಸೆಟ್ ಮೇಲೆ 9999999 ಆಟ ಅಂತ ಬರೆದಿದ್ದರೆ ನಂಬುತ್ತಿದ್ದೆವು. ಒಳಗೆ ಅವೇ ಹತ್ತಿಪ್ಪತ್ತು ಆಟ ಮತ್ತೆ ಮತ್ತೆ. ಆಟ ಬರದಿದ್ದರೆ ಕ್ಯಾಸೆಟ್ಟಿಗೆ ಊದುತ್ತಿದ್ದೆವು. ಊದಿದ್ದರಿಂದ ಏನೂ ಲಾಭ ಆಗುತ್ತಿರಲಿಲ್ಲ, ತೆಗೆದು ಮತ್ತೆ ಹಾಕಿದಾಗ ತಗಡಿಗೆ ತಗಡು ಸರಿಯಾಗಿ ಕೂರುತ್ತಿತ್ತು, ಅಷ್ಟೇ. ಬಾಯಿಯ ತೇವಕ್ಕೆ, ಅದೂ ಮಲೆನಾಡಿನ ಮಳೆಗಾಲದಲ್ಲಿ, ತಗಡು ಕಿಲುಬು ಹಿಡಿಯುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದೂ, ಹುಡುಗ ಅಟ್ಟದಿಂದ ಹಳೇ ಕ್ಯಾಸೆಟ್ ಇಳಿಸಿ ಕೈಗೆ ಕೊಟ್ಟಾಗ ಮೊದಲು ಊದಿದವನು ನಾನೇ.