ಬಾಡಿಗೆಗೆ ಮನೆ: ಉದ್ದರಿ ವ್ಯಾಪಾರದ ಶಿಸ್ತು ಇಲ್ಲಿಯೂ ಬೇಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಮಾತು. ಅದಕ್ಕೆ ‘ಬಾಡಿಗೆಗೆ ಕೊಟ್ಟು ನೋಡು’ ಎಂಬ ಇನ್ನೊಂದು ಮಾತನ್ನು ಸೇರಿಸಲು ಸಿದ್ಧರಿರುವ ವರ್ತಕರು ಇಂದು ಯಲಹಂಕದ ಸುತ್ತಮುತ್ತ ಕಡಿಮೆಯೇನಿಲ್ಲ. ಅಂಗಡಿಯ ಅಥವಾ ಸಣ್ಣ ಕಾರ್ಖಾನೆಯ ಉಳಿತಾಯದಿಂದ ಒಂದು ಫ್ಲ್ಯಾಟ್ ಕೊಂಡು, ಅದರ ಬಾಡಿಗೆಯನ್ನು ವೃದ್ಧಾಪ್ಯದ ಆಸರೆಯೆಂದು ನಂಬಿದವರು ಇವರು. ಆದರೆ ವ್ಯಾಪಾರದಲ್ಲಿ ತೋರುವ ಎಚ್ಚರಿಕೆಯನ್ನು ಮನೆಯ ವಿಷಯದಲ್ಲಿ ತೋರದಿರುವುದರಿಂದ ಅನೇಕರು ಕಷ್ಟಕ್ಕೆ ಸಿಲುಕುತ್ತಾರೆ.

ಒಂದು ಲಕ್ಷ ರೂಪಾಯಿಯ ಸರಕನ್ನು 30 ದಿನಗಳ ಉದ್ದರಿಗೆ ಕೇಳುವ ಹೊಸ ಗಿರಾಕಿಯ ಬಗ್ಗೆ ವರ್ತಕನು ಏನೆಲ್ಲ ವಿಚಾರಿಸುತ್ತಾನೆ! ಜಿಎಸ್‌ಟಿ ಸಂಖ್ಯೆಯನ್ನು ತಾಳೆ ನೋಡುತ್ತಾನೆ, ಅವನೊಡನೆ ವ್ಯವಹರಿಸಿದ ಇತರ ಅಂಗಡಿಗಳನ್ನು ಕೇಳುತ್ತಾನೆ, ಮೊದಲ ಬಾರಿಗೆ ಸ್ವಲ್ಪವೇ ಸರಕು ಕೊಟ್ಟು ನೋಡುತ್ತಾನೆ. ಅದೇ ವರ್ತಕನು ಅದರ ಹತ್ತಾರು ಪಟ್ಟು ಬೆಲೆಬಾಳುವ ಫ್ಲ್ಯಾಟಿನ ಕೀಲಿಕೈಯನ್ನು ಆಧಾರ್ ಕಾರ್ಡಿನ ಒಂದು ನೆರಳಚ್ಚು ಪಡೆದು, ಅರ್ಧ ಗಂಟೆಯ ಪರಿಚಯದ ಮೇಲೆ ಕೊಟ್ಟುಬಿಡುತ್ತಾನೆ. ಮನೆಯನ್ನು ಬಾಡಿಗೆಗೆ ಕೊಡುವುದೂ ಒಂದು ಬಗೆಯ ಉದ್ದರಿ ವ್ಯಾಪಾರವೇ ಎಂಬುದನ್ನು ಮನಗಂಡರೆ ಅರ್ಧ ತೊಂದರೆ ಅಲ್ಲಿಯೇ ನೀಗುತ್ತದೆ.

ಯಲಹಂಕದ ಬಾಡಿಗೆ ಮಾರುಕಟ್ಟೆ

ಯಲಹಂಕದಲ್ಲಿ ಬಾಡಿಗೆದಾರರಿಗೆ ಕೊರತೆಯಿಲ್ಲ. ವಾಯುಪಡೆಯ ನೆಲೆ, 1984ರಲ್ಲಿ ಆರಂಭಗೊಂಡ ರೈಲ್ವೆ ಗಾಲಿ ಕಾರ್ಖಾನೆ, ಅರೆಸೇನಾ ಪಡೆಗಳ ಕೇಂದ್ರಗಳು ಮೊದಲಿನಿಂದಲೂ ಇಲ್ಲಿಗೆ ಸಂಬಳದಾರರನ್ನು ಕರೆತಂದಿವೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲಗಳೂ ಬದಲಾದವು. ಹೆಬ್ಬಾಳದಾಚೆಯ ನಾಗವಾರದ ತಂತ್ರಜ್ಞಾನ ಉದ್ಯಾನದ ನೌಕರರು, ಇಂಜಿನಿಯರಿಂಗ್ ಕಾಲೇಜು ಹಾಗೂ ಖಾಸಗಿ ವಿಶ್ವವಿದ್ಯಾಲಯಗಳ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಇಂದು ಇಲ್ಲಿ ಮನೆ ಹುಡುಕುತ್ತಾರೆ. ನಗರಸಭೆಯಾಗಿದ್ದ ಊರು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಉತ್ತರ ನಗರ ಪಾಲಿಕೆಯ ವ್ಯಾಪ್ತಿಗೆ ಬಂದಿದೆ.

ಇವರಲ್ಲಿ ಬಹುಪಾಲು ಮಂದಿ ಸಂಬಳವನ್ನು ಬ್ಯಾಂಕಿನ ಮೂಲಕ ಪಡೆಯುವವರು. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡು ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವವರಿಗೆ ವಾರ್ಷಿಕ ಬಾಡಿಗೆ 1 ಲಕ್ಷ ರೂಪಾಯಿ ಮೀರಿದಲ್ಲಿ ಮಾಲೀಕನ ಪ್ಯಾನ್ ಸಂಖ್ಯೆ ಬೇಕಾಗುತ್ತದೆ. ‘ಕರಾರು ಪತ್ರ ಬೇಡ, ನಗದು ಕೊಡಿ, ಪ್ಯಾನ್ ಕೇಳಬೇಡಿ’ ಎನ್ನುವ ಮಾಲೀಕನನ್ನು ಇಂತಹ ಬಾಡಿಗೆದಾರರು ಸಹಜವಾಗಿಯೇ ದೂರವಿಡುತ್ತಾರೆ. ಉಳಿಯುವವರು ಯಾರು? ತಮ್ಮ ಹೆಸರೂ ಎಲ್ಲಿಯೂ ದಾಖಲಾಗಬಾರದೆಂದು ಬಯಸುವವರು. ಕಾಗದಕ್ಕೆ ಅಂಜುವ ಮಾಲೀಕನಿಗೆ ಕಾಗದಕ್ಕೆ ಅಂಜುವ ಬಾಡಿಗೆದಾರನೇ ದೊರೆಯುತ್ತಾನೆ. ನಂಬಿಕಸ್ಥ ಬಾಡಿಗೆದಾರನನ್ನು ಹುಡುಕುವ ಮುನ್ನ ಮಾಲೀಕನು ತಾನು ನಂಬಿಕಸ್ಥನೆಂದು ತೋರಿಸಿಕೊಡಬೇಕು ಎಂಬುದೇ ಈ ವ್ಯವಹಾರದ ಮೊದಲ ಸೂತ್ರ.

ಮನೆಯ ಸಿದ್ಧತೆ

ಗೋಡೆಗೆ ಬಣ್ಣ ಬಳಿಯುವುದಷ್ಟೇ ಸಿದ್ಧತೆಯಲ್ಲ. ಬಾಡಿಗೆದಾರನು ಮೊದಲು ಕೇಳುವುದು ನೀರಿನ ಬಗ್ಗೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಅನುಭವಿಸಿದ ನೀರಿನ ಅಭಾವವನ್ನು ಯಾರೂ ಮರೆತಿಲ್ಲ. ಕಾವೇರಿ ನೀರು ಎಷ್ಟು ಬರುತ್ತದೆ, ಕೊಳವೆಬಾವಿ ಬೇಸಿಗೆಯಲ್ಲಿಯೂ ನಡೆಯುತ್ತದೆಯೇ, ಟ್ಯಾಂಕರ್ ನೀರಿನ ಖರ್ಚು ಯಾರ ಪಾಲಿಗೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಗಡಸು ನೀರಿನಿಂದ ಬಿಳಿಪೊರೆ ಕಟ್ಟಿದ ನಲ್ಲಿಗಳನ್ನು ಬದಲಾಯಿಸಬೇಕು. ಸೋರುವ ನಲ್ಲಿ ಮತ್ತು ಫ್ಲಷ್ ಟ್ಯಾಂಕುಗಳನ್ನು ಸರಿಪಡಿಸಬೇಕು.

ಎರಡನೆಯ ಪ್ರಶ್ನೆ ಮಳೆಯದು. ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ 2021ರ ನವೆಂಬರಿನಲ್ಲಿಯೂ 2024ರ ಅಕ್ಟೋಬರಿನಲ್ಲಿಯೂ ನೀರು ನುಗ್ಗಿ, ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಕೆರೆ ಮತ್ತು ರಾಜಕಾಲುವೆಗಳ ಊರಿನಲ್ಲಿ ಮನೆ ಕೇಳುವವನು ಇದನ್ನು ವಿಚಾರಿಸಿಯೇ ತೀರುತ್ತಾನೆ. ನೆಲಮಾಳಿಗೆಯ ವಾಹನ ನಿಲುಗಡೆಗೆ ನೀರು ಬಂದದ್ದಿದ್ದರೆ ಅದನ್ನು ಹೇಳಿಬಿಡುವುದು ಲೇಸು. ಮರೆಮಾಚಿ ಕೊಟ್ಟ ಮನೆಯನ್ನು ಬಾಡಿಗೆದಾರನು ಮೊದಲ ಮಳೆಗೇ ಖಾಲಿ ಮಾಡುತ್ತಾನೆ.

ಮೂರನೆಯದು ವಿದ್ಯುತ್ ಸುರಕ್ಷತೆ. ಸ್ನಾನಗೃಹದ ಗೀಸರಿನ ಭೂಸಂಪರ್ಕ, ಸೋರಿಕೆಯಾದ ವಿದ್ಯುತ್ತನ್ನು ತಡೆಯುವ ಸಾಧನ, ಹಳೆಯ ಸ್ವಿಚ್ಚುಗಳು ಇವನ್ನು ಪರವಾನಗಿ ಹೊಂದಿದ ಕುಶಲಕರ್ಮಿಯಿಂದ ಪರೀಕ್ಷೆ ಮಾಡಿಸತಕ್ಕದ್ದು. ಹಿಂದಿನ ಬಾಡಿಗೆದಾರನ ವಿದ್ಯುತ್ ಬಾಕಿ ಉಳಿದಿದೆಯೇ ಎಂದು ನೋಡಬೇಕು. 2023ರ ಜುಲೈನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಮೀಟರಿಗೆ ಜೋಡಿಸಿರುವ ಹಿಂದಿನವರ ಆಧಾರ್ ಸಂಖ್ಯೆಯನ್ನು ಅವರು ತೆರಳುವಾಗಲೇ ಬಿಡಿಸಿಕೊಳ್ಳುವಂತೆ ನೋಡಿಕೊಂಡರೆ ಹೊಸಬರಿಗೆ ಅಡಚಣೆಯಾಗದು.

ಕೊನೆಯದಾಗಿ ದಾಸ್ತಾನು ಪಟ್ಟಿ. ವರ್ಷಾಂತ್ಯದಲ್ಲಿ ಗೋದಾಮಿನ ಸರಕನ್ನು ಎಣಿಸುವಂತೆ ಫ್ಯಾನು, ದೀಪ, ಕಪಾಟು, ಕೀಲಿಕೈಗಳನ್ನು ಎಣಿಸಿ, ಗೋಡೆ ನೆಲಗಳ ಸ್ಥಿತಿಯನ್ನು ದಿನಾಂಕಸಹಿತ ಛಾಯಾಚಿತ್ರಗಳಲ್ಲಿ ದಾಖಲಿಸಿ, ಉಭಯರೂ ಸಹಿ ಮಾಡಬೇಕು. ಮನೆ ಬಿಡುವ ದಿನ ನಡೆಯುವ ಜಗಳಗಳಿಗೆ ಬಹುಪಾಲು ಕಾರಣ ಈ ಒಂದು ಹಾಳೆ ಇಲ್ಲದಿರುವುದೇ.

ಬಾಡಿಗೆದಾರರ ಆಯ್ಕೆ

ಹೆಸರು, ಜಾತಿ, ಆಹಾರಪದ್ಧತಿಗಳನ್ನು ನೋಡಿ ವಿಶ್ವಾಸಾರ್ಹತೆಯನ್ನು ಅಳೆಯುವುದು ನ್ಯಾಯದ ದೃಷ್ಟಿಯಿಂದಲೂ ತಪ್ಪು, ಲೆಕ್ಕದ ದೃಷ್ಟಿಯಿಂದಲೂ ತಪ್ಪು. ಇವುಗಳಲ್ಲಿ ಯಾವುದೂ ತಿಂಗಳ 5ನೇ ತಾರೀಖಿಗೆ ಬಾಡಿಗೆ ಬರುವುದೆಂಬ ಭರವಸೆ ನೀಡುವುದಿಲ್ಲ. ನೋಡಬೇಕಾದದ್ದು ಬೇರೆ: ಉದ್ಯೋಗದ ಪತ್ರ, ಮೂರು ತಿಂಗಳ ಸಂಬಳದ ಚೀಟಿ ಅಥವಾ ವ್ಯಾಪಾರಿಯಾದಲ್ಲಿ ಆದಾಯ ತೆರಿಗೆ ವಿವರಣೆಯ ಪ್ರತಿ, ಮತ್ತು ಹಿಂದಿನ ಮನೆಯ ಮಾಲೀಕನ ಅಭಿಪ್ರಾಯ. ಇವುಗಳಲ್ಲಿ ಕೊನೆಯದೇ ಮುಖ್ಯವಾದದ್ದು. ಈಗಿರುವ ಮನೆಯ ಮಾಲೀಕನು ಬಾಡಿಗೆದಾರ ತೊಲಗಿದರೆ ಸಾಕೆಂದು ಹೊಗಳಬಹುದು. ಅದಕ್ಕೂ ಹಿಂದಿನ ಮಾಲೀಕನಿಗೆ ಸುಳ್ಳು ಹೇಳಬೇಕಾದ ಅಗತ್ಯವಿರುವುದಿಲ್ಲ.

ಬಾಡಿಗೆದಾರರ ವಿವರಗಳನ್ನು ಸ್ಥಳೀಯ ಪೊಲೀಸ್ ಠಾಣೆಗೆ ನೀಡಿ ಸ್ವೀಕೃತಿ ಪಡೆಯುವುದು ಒಳ್ಳೆಯದು. ವಿದೇಶಿ ವಿದ್ಯಾರ್ಥಿಗಳಿಗೆ ಮನೆ ಕೊಟ್ಟಲ್ಲಿ 24 ಗಂಟೆಗಳೊಳಗೆ ಅವರ ವಿವರಗಳನ್ನು ವಿದೇಶಿಯರ ನೋಂದಣಿ ಕಚೇರಿಗೆ ಸಲ್ಲಿಸುವುದು ಮಾಲೀಕನ ಹೊಣೆ.

ಮಧ್ಯವರ್ತಿಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ‘ಮನೆಯನ್ನು ನಮಗೆ ಕೊಡಿ, ತಿಂಗಳ ಬಾಡಿಗೆ ನಾವೇ ಕಟ್ಟುತ್ತೇವೆ’ ಎಂದು ಬರುವ ಸಂಸ್ಥೆಗಳಲ್ಲಿ ಕೆಲವು, ಅದೇ ಮನೆಯನ್ನು ಮತ್ತೊಬ್ಬರಿಗೆ ಲಕ್ಷಾಂತರ ರೂಪಾಯಿಗೆ ಭೋಗ್ಯಕ್ಕೆ ಹಾಕಿ, ಕೆಲವು ತಿಂಗಳು ಬಾಡಿಗೆ ಕಟ್ಟಿ, ಬಳಿಕ ಮಾಯವಾದ ಪ್ರಕರಣಗಳು ಬೆಂಗಳೂರಿನಲ್ಲಿ ನಡೆದಿವೆ. ಮಾಲೀಕನಿಗೆ ಬಾಡಿಗೆಯಿಲ್ಲ, ಒಳಗಿರುವ ಸಂಸಾರಕ್ಕೆ ಹಣವೂ ಇಲ್ಲ, ಮನೆಯೂ ಇಲ್ಲ. ಮನೆಯಲ್ಲಿ ವಾಸಿಸುವವನೊಡನೆಯೇ ನೇರ ಕರಾರು ಮಾಡಿಕೊಳ್ಳುವುದು ಇದಕ್ಕೆ ಪರಿಹಾರ.

ಕರಾರು ಪತ್ರ

1999ರ ಕರ್ನಾಟಕ ಬಾಡಿಗೆ ಕಾಯಿದೆ ತಮ್ಮನ್ನು ಕಾಪಾಡುತ್ತದೆ ಅಥವಾ ಕಾಡುತ್ತದೆ ಎಂದು ಭಾವಿಸುವ ಮಾಲೀಕರಿದ್ದಾರೆ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ವಸತಿಗಳನ್ನು ಆ ಕಾಯಿದೆಯ ಹೊರಗಿಡಲಾಗಿದೆ. ಆದುದರಿಂದ ಇಂದಿನ ಫ್ಲ್ಯಾಟುಗಳಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಮತ್ತು ಉಭಯರ ನಡುವಿನ ಕರಾರು. ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ ಮಾಸಿಕ ಬಾಡಿಗೆಯನ್ನು ಕೊನೆಗಾಣಿಸಲು 106ನೇ ಪ್ರಕರಣದಂತೆ 15 ದಿನಗಳ ನೋಟಿಸು ಸಾಕು. ಆದಾಗ್ಯೂ ಮನೆಗೆ ಬೀಗ ಜಡಿಯುವುದು, ನೀರು ನಿಲ್ಲಿಸುವುದು ಸಲ್ಲದು. ಕಾನೂನುಬಾಹಿರವಾಗಿ ಹೊರದೂಡಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು.

ಒಂದು ವರ್ಷಕ್ಕೆ ಮೀರಿದ ಗೇಣಿ ಕರಾರನ್ನು ನೋಂದಾಯಿಸುವುದು ಕಡ್ಡಾಯ. 11 ತಿಂಗಳ ಕರಾರಿನ ವಾಡಿಕೆ ಬಂದದ್ದು ಇದರಿಂದಲೇ. ಅವಧಿ ಯಾವುದಾದರೂ ಆಗಲಿ, ಮುದ್ರಾಂಕ ಶುಲ್ಕದಲ್ಲಿ ಜಿಪುಣತನ ಸಲ್ಲದು. ಕೊರತೆ ಶುಲ್ಕದ ಪತ್ರವನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಬೇಕಾದರೆ ಕೊರತೆಯ ಹತ್ತು ಪಟ್ಟಿನವರೆಗೆ ದಂಡ ತೆರಬೇಕಾಗುತ್ತದೆ. ಬಾಡಿಗೆ, ನಿರ್ವಹಣಾ ವೆಚ್ಚ, ವಾರ್ಷಿಕ ಏರಿಕೆ, ಬಣ್ಣದ ಖರ್ಚು, ನೋಟಿಸಿನ ಅವಧಿ, ಠೇವಣಿ ಮರಳಿಸುವ ದಿನ ಇವೆಲ್ಲವೂ ಅಂಕಿ ಅಕ್ಷರಗಳೆರಡರಲ್ಲೂ ಪತ್ರದಲ್ಲಿರಬೇಕು. ಸಹಜವಾದ ಸವೆತಕ್ಕೆ ಬಾಡಿಗೆದಾರನು ಹೊಣೆಯಲ್ಲ ಎಂಬುದು ಸ್ವತ್ತು ವರ್ಗಾವಣೆ ಕಾಯಿದೆಯ ತತ್ತ್ವವೆಂಬುದನ್ನೂ ಮರೆಯಬಾರದು.

ಮುಂಗಡ ಠೇವಣಿ ಯಾರ ಹಣ?

ವರ್ತಕರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಹತ್ತು ತಿಂಗಳ ಮುಂಗಡ ಪಡೆಯುವುದು ಬೆಂಗಳೂರಿನ ಹಳೆಯ ವಾಡಿಕೆ. ಬಾಡಿಗೆ 25,000 ರೂಪಾಯಿ ಎಂದಿಟ್ಟುಕೊಂಡರೆ ಮುಂಗಡ 2,50,000 ರೂಪಾಯಿ. ಈ ಹಣ ಕೈಗೆ ಬಂದೊಡನೆ ಅಂಗಡಿಯ ಸರಕಿಗೋ ಕಾರ್ಖಾನೆಯ ಕೂಲಿಗೋ ಹೋಗುತ್ತದೆ. ಎರಡು ವರ್ಷಗಳ ಬಳಿಕ ಬಾಡಿಗೆದಾರನು ವರ್ಗಾವಣೆಯಾಗಿ ಹೊರಟಾಗ ಮಾಲೀಕನ ಬಳಿ ಹಣವಿರುವುದಿಲ್ಲ. ಆಗ ಗೋಡೆಯ ಕಲೆ, ಮುರಿದ ಚಿಲಕಗಳ ನೆಪದಲ್ಲಿ ಕಡಿತ ಆರಂಭವಾಗುತ್ತದೆ. ‘ಹೊಸಬರು ಬಂದ ಮೇಲೆ ಕೊಡುತ್ತೇನೆ’ ಎಂಬ ವಾಯಿದೆ ಬೆಳೆಯುತ್ತದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆಯನ್ನು ತನ್ನ ಉದ್ದರಿ ಗಿರಾಕಿಗಳ ಬಗ್ಗೆ ಹೇಳುತ್ತಿದ್ದ ವರ್ತಕನೇ ಇಲ್ಲಿ ಈರಭದ್ರನಾಗುತ್ತಾನೆ.

ಠೇವಣಿ ಆದಾಯವಲ್ಲ, ಸಾಲ. ಲೆಕ್ಕಪುಸ್ತಕದಲ್ಲಿ ಅದರ ಸ್ಥಾನ ಹೊಣೆಗಾರಿಕೆಯ ಬದಿಯಲ್ಲಿ. ಅದನ್ನು ಬ್ಯಾಂಕಿನ ಪ್ರತ್ಯೇಕ ನಿಶ್ಚಿತ ಠೇವಣಿಯಲ್ಲಿರಿಸಿ, ಬಡ್ಡಿಯನ್ನಷ್ಟೇ ಬಳಸುವುದು ಯೋಗ್ಯ. ಅಷ್ಟು ಸಂಯಮ ಕಷ್ಟವೆನಿಸಿದರೆ ಠೇವಣಿಯನ್ನೇ ಕಡಿಮೆ ಪಡೆಯಬೇಕು. 2021ರಲ್ಲಿ ಕೇಂದ್ರ ಸಂಪುಟ ಅನುಮೋದಿಸಿದ ಮಾದರಿ ಬಾಡಿಗೆ ಕಾಯಿದೆಯು ವಸತಿಗೆ ಎರಡು ತಿಂಗಳ ಠೇವಣಿಯ ಮಿತಿಯನ್ನು ಸೂಚಿಸಿದೆ. ರಾಜ್ಯಗಳು ಅಳವಡಿಸಿಕೊಂಡಲ್ಲಿ ಮಾತ್ರ ಅದು ಬಂಧನಕಾರಿ. ಆದರೂ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದಕ್ಕೆ ಸೂಚನೆಯಾಗಿದೆ. ಠೇವಣಿಯನ್ನು ಬ್ಯಾಂಕಿನ ಮೂಲಕವೇ ಪಡೆಯಬೇಕು. 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಠೇವಣಿಯನ್ನು ನಗದಾಗಿ ಸ್ವೀಕರಿಸಿದರೆ ಅಷ್ಟೇ ಮೊತ್ತದ ದಂಡಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿದೆ.

ತೆರಿಗೆಯ ಲೆಕ್ಕ

ತೆರಿಗೆಯ ಭಯದಿಂದ ಬಾಡಿಗೆಯನ್ನು ಮುಚ್ಚಿಡುವವರು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳಿತು. ತಿಂಗಳಿಗೆ 25,000ದಂತೆ ವಾರ್ಷಿಕ ಬಾಡಿಗೆ 3,00,000 ರೂಪಾಯಿ. ಪಾಲಿಕೆಗೆ ವಾಸ್ತವವಾಗಿ ಕಟ್ಟಿದ ಆಸ್ತಿ ತೆರಿಗೆ 10,000 ರೂಪಾಯಿ ಎಂದು ಭಾವಿಸಿದರೆ ಉಳಿಯುವುದು 2,90,000. ಇದರಲ್ಲಿ ಶೇಕಡಾ 30, ಎಂದರೆ 87,000 ರೂಪಾಯಿ, ಯಾವ ರಸೀದಿಯೂ ಇಲ್ಲದೆ ಕಳೆಯಲ್ಪಡುತ್ತದೆ. ತೆರಿಗೆಗೆ ಒಳಪಡುವುದು 2,03,000 ರೂಪಾಯಿ ಮಾತ್ರ. ಗೃಹಸಾಲದ ಬಡ್ಡಿಯಿದ್ದಲ್ಲಿ ಇನ್ನೂ ಕಡಿಮೆ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯಿದೆಯಲ್ಲಿಯೂ ಶೇಕಡಾ 30ರ ಕಡಿತ ಉಳಿದಿದೆ. ವಾಸದ ಮನೆಯ ಬಾಡಿಗೆಯನ್ನು ವ್ಯಾಪಾರದ ಆದಾಯವೆಂದು ತೋರಿಸುವ ಪರಿಪಾಠಕ್ಕೆ 2024ರ ಹಣಕಾಸು ಕಾಯಿದೆ ತೆರೆ ಎಳೆದಿದೆ.

ಬಾಡಿಗೆ ತಿಂಗಳಿಗೆ 50,000 ರೂಪಾಯಿ ಮೀರಿದಲ್ಲಿ ಬಾಡಿಗೆದಾರನು ಮೂಲದಲ್ಲಿಯೇ ತೆರಿಗೆ ಕಡಿತ ಮಾಡಬೇಕು. ಲೆಕ್ಕಪರಿಶೋಧನೆಗೆ ಒಳಪಡದ ವ್ಯಕ್ತಿಗಳಿಗೆ ಈ ದರವನ್ನು 2024ರ ಅಕ್ಟೋಬರ್ 1ರಿಂದ ಶೇಕಡಾ 5ರ ಬದಲು 2ಕ್ಕೆ ಇಳಿಸಲಾಯಿತು. ವಾಸಕ್ಕೆಂದು ನೋಂದಣಿಯಿಲ್ಲದವರಿಗೆ ಕೊಟ್ಟ ಮನೆಗೆ ಜಿಎಸ್‌ಟಿ ಇಲ್ಲ. ಆದರೆ ನೋಂದಾಯಿತ ಸಂಸ್ಥೆಯೊಂದು ತನ್ನ ನೌಕರರಿಗಾಗಿ ಫ್ಲ್ಯಾಟನ್ನು ಪಡೆದಲ್ಲಿ, 2022ರ ಜುಲೈ 18ರಿಂದ ಜಾರಿಗೆ ಬಂದ ವ್ಯವಸ್ಥೆಯಂತೆ ಆ ಸಂಸ್ಥೆಯೇ ಶೇಕಡಾ 18ರ ತೆರಿಗೆಯನ್ನು ಕಟ್ಟಬೇಕು. ಸಿಬ್ಬಂದಿಗಾಗಿ ಮನೆ ಹಿಡಿಯುವ ಸಣ್ಣ ಕೈಗಾರಿಕೋದ್ಯಮಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಖಾಲಿ ತಿಂಗಳಿನ ಬೆಲೆ

ಬಾಡಿಗೆದಾರನು ಎರಡು ವರ್ಷ ಕ್ರಮವಾಗಿ ಬಾಡಿಗೆ ಕಟ್ಟಿದ್ದಾನೆ. ಮಾಲೀಕನಿಗೆ 1,500 ರೂಪಾಯಿ ಹೆಚ್ಚು ಬೇಕೆನಿಸುತ್ತದೆ; ಬಾಡಿಗೆದಾರನು ಒಪ್ಪದೆ ಹೊರಡುತ್ತಾನೆ. ಹೊಸಬರು ಹೆಚ್ಚುವರಿ ಹಣ ಕೊಡಲು ಒಪ್ಪಿದರೂ ವರ್ಷಕ್ಕೆ ದೊರೆಯುವ ಲಾಭ 18,000 ರೂಪಾಯಿ. ಮನೆ ಒಂದೇ ತಿಂಗಳು ಖಾಲಿ ಉಳಿದರೆ ಹೋಗುವುದು 25,000 ರೂಪಾಯಿ. ಆ ತಿಂಗಳ ನಿರ್ವಹಣಾ ವೆಚ್ಚ, ದಲ್ಲಾಳಿಯ ಶುಲ್ಕ, ಹೊಸ ಬಣ್ಣದ ಖರ್ಚು ಬೇರೆ. ಹಳೆಯ ಗಿರಾಕಿಯನ್ನು ಉಳಿಸಿಕೊಳ್ಳುವುದು ಹೊಸ ಗಿರಾಕಿಯನ್ನು ಹುಡುಕುವುದಕ್ಕಿಂತ ಅಗ್ಗವೆಂಬುದನ್ನು ವರ್ತಕನಿಗೆ ಯಾರೂ ಕಲಿಸಬೇಕಾಗಿಲ್ಲ. ಸೋರುವ ನಲ್ಲಿಯ ಬಗ್ಗೆ ಬಂದ ಕರೆಗೆ ಅದೇ ವಾರ ಕೊಳಾಯಿಯವನನ್ನು ಕಳುಹಿಸುವ ಮಾಲೀಕನ ಮನೆ ಖಾಲಿ ಬೀಳುವುದು ಅಪರೂಪ.

ಮನೆ ಬಿಟ್ಟ ದಿನ ದಾಸ್ತಾನು ಪಟ್ಟಿಯನ್ನು ತಾಳೆ ನೋಡಿ, ಠೇವಣಿಯನ್ನು ಕರಾರಿನಂತೆ ಮರಳಿಸಿ, ರಸೀದಿ ಪಡೆದು ಬೀಳ್ಕೊಟ್ಟ ಬಾಡಿಗೆದಾರನು ತನ್ನ ಕಚೇರಿಯಿಂದ ಮತ್ತೊಬ್ಬನನ್ನು ಕಳುಹಿಸಿಕೊಡುತ್ತಾನೆ. ಅಂಗಡಿಗೆ ಗಿರಾಕಿ ಬರುವುದೂ ಇದೇ ದಾರಿಯಿಂದಲ್ಲವೇ?