ಮಂಗಳಾರತಿಯ ಗಂಟೆ ಪುಟ್ಟನದು

ನಮ್ಮ ಮನೆಯಲ್ಲಿ ಬೆಳಗಿನ ಪೂಜೆಗೆ ಹೂ ಬಿಡಿಸುವುದು, ಮಂಗಳಾರತಿಯ ಹೊತ್ತಿಗೆ ಗಂಟೆ ಬಾರಿಸುವುದು ನನ್ನ ಮೊಮ್ಮಗ ಪುಟ್ಟನ ಕೆಲಸ. ಅವನಿಗೀಗ 11 ವರ್ಷ. ಮಾತು ತೊದಲು, ನಡಿಗೆ ನಿಧಾನ, ನಗು ಮಾತ್ರ ಧಾರಾಳ. ಅವನಿಗಿರುವುದು ಡೌನ್ ಸಿಂಡ್ರೋಮ್.

ಮಕ್ಕಳೇ, ಹೆಸರು ಕೇಳಿ ಗಾಬರಿಯಾಗಬೇಡಿ. ನಮ್ಮ ಮೈಯ ಜೀವಕೋಶಗಳಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳು, ಅಂದರೆ 23 ಜೋಡಿ ಇರುತ್ತವೆ. ಪುಟ್ಟನಂಥವರಲ್ಲಿ 21ನೆಯದು ಎರಡರ ಬದಲು ಮೂರು. ಒಟ್ಟು 47. 1959ರಲ್ಲಿ ಫ್ರಾನ್ಸಿನ ವೈದ್ಯರು ಇದನ್ನು ಪ್ರಕಟಿಸಿದರು. 21ನೆಯದು ಮೂರಿದೆ ಎಂಬ ನೆನಪಿಗೇ ಮೂರನೆಯ ತಿಂಗಳ 21ನೆಯ ದಿನ, ಮಾರ್ಚ್ 21ನ್ನು ವಿಶ್ವ ಡೌನ್ ಸಿಂಡ್ರೋಮ್ ದಿನವೆಂದು ಆಚರಿಸುತ್ತಾರೆ. ಇದು ಅಂಟುರೋಗವಲ್ಲ. ತಾಯಿ ಗ್ರಹಣ ನೋಡಿದ್ದರಿಂದ ಬಂದದ್ದೂ ಅಲ್ಲ.

ಆದರೆ ಮಗು ಹುಟ್ಟಿದ ತಿಂಗಳಲ್ಲಿ ಮನೆಗೆ ಬಂದ ನೆಂಟರು ಒಬ್ಬೊಬ್ಬರೂ ಒಂದೊಂದು ಹೇಳಿದರು. ಒಬ್ಬರಿಗೆ ಅದು ನಾಗದೋಷ, ಇನ್ನೊಬ್ಬರಿಗೆ ಪೂರ್ವಜನ್ಮದ ಪಾಪ. ಸೊಸೆ ಬಾಣಂತಿ ಕೋಣೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿದ್ದಳು. ನನ್ನಾಕೆ ಹಾಲಿಗೆ ಬಂದು, "ಪಾಪ ಎಣಿಸೋಕೆ ಬಂದವರು ಕಾಫಿ ಕುಡಿದು ಹೊರಡಿ. ಮಗು ನೋಡೋಕೆ ಬಂದವರು ಒಳಗೆ ಬನ್ನಿ" ಎಂದಳು. ಅವಳಷ್ಟು ದೈವಭಕ್ತೆ ನಮ್ಮ ಬೀದಿಯಲ್ಲಿಲ್ಲ. ದೇವರನ್ನು ನಂಬುವವಳಾದ್ದರಿಂದಲೇ ಆ ಮಾತನ್ನು ಅವಳು ಸಹಿಸಲಿಲ್ಲ.

ಅಷ್ಟಾವಕ್ರನ ಕಥೆ ನಿಮಗೆ ಗೊತ್ತಲ್ಲ? ಮೈಯೆಲ್ಲ ಎಂಟು ಕಡೆ ಸೊಟ್ಟಗಿದ್ದ ಆ ಹುಡುಗ ಜನಕರಾಜನ ಸಭೆಗೆ ಬಂದಾಗ ಪಂಡಿತರು ನಕ್ಕರಂತೆ. ಚರ್ಮ ನೋಡಿ ಬೆಲೆ ಕಟ್ಟುವವರು ಪಂಡಿತರೆ ಎಂದು ಅವನು ಕೇಳಿದನಂತೆ. ಈ ಕಥೆಯನ್ನು ಹೇಳುವ ನಾವು ಮನೆಯ ಮಗುವನ್ನು ಪಾಪವೆಂದು ಕರೆಯಬಹುದೆ?

ನನ್ನಾಕೆ ಹರಕೆಯನ್ನೂ ಹೊತ್ತಳು, ಮಗುವಿಗೆ ಹೃದಯದ ಎಕೋ ಪರೀಕ್ಷೆಯನ್ನೂ ಮಾಡಿಸಿದಳು. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ಕಿವಿ, ಕಣ್ಣು, ಥೈರಾಯ್ಡ್ ತಪಾಸಣೆಯೂ ಬೇಕು. ಅಜ್ಜ ಅಜ್ಜಿಯರೇ, ಹರಕೆ ಬೇಡವೆನ್ನುವುದಿಲ್ಲ. ಅದರಿಂದ ಡಾಕ್ಟರರ ಬಳಿ ಹೋಗುವುದು ತಡವಾಗದಿರಲಿ.

ನಾವು ಮೈಸೂರಿನವರು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಪುಟ್ಟನನ್ನು ಮಾತಿನ ತರಬೇತಿಗೆ ಕರೆದೊಯ್ಯುತ್ತಿದ್ದೆವು. ದಿನವೂ ಅದೇ ಹೊತ್ತಿಗೆ ಅದೇ ಕೆಲಸ, ಚಿಕ್ಕ ಚಿಕ್ಕ ಮಾತು, ಮತ್ತೆ ಮತ್ತೆ ಹೇಳುವುದು: ಕಲಿಸುವ ಕ್ರಮ ಇದು. "ಪೂಜೆಯೂ ಹೀಗೇ ಅಲ್ಲವೇನ್ರೀ?" ಎಂದಳು ನನ್ನಾಕೆ. ಅಂದಿನಿಂದ ದೇವರ ಕೋಣೆಯೇ ಅವನ ಪಾಠಶಾಲೆ. ಹೆಬ್ಬೆರಳು ತೋರುಬೆರಳು ಸೇರಿಸಿ ನಂದಿಬಟ್ಟಲು ಬಿಡಿಸಿದ ಕೈ ಮುಂದೆ ಅಂಗಿಯ ಗುಂಡಿ ಹಾಕಲು ಕಲಿಯಿತು. ಹೂ ಎಣಿಸಿ ಹತ್ತರವರೆಗೆ ಲೆಕ್ಕ ಬಂತು. ಅವನು ಸ್ಪಷ್ಟವಾಗಿ ಆಡಿದ ಮೊದಲ ಮಾತು "ಹೂ."

ಒಮ್ಮೆ ಜಾತ್ರೆಯಲ್ಲಿ ಪ್ರಸಾದದ ಸಾಲಿನಲ್ಲಿದ್ದ ಒಬ್ಬರು, "ಈ ಮಗುವನ್ನು ಆಚೆ ಕೂರಿಸಿ" ಎಂದರು. ಅವನ ಅಕ್ಕ ಆಗ ಆರನೆಯ ತರಗತಿ. "ಅವನು ಸಾಲಿನಲ್ಲಿ ನಿಮಗಿಂತ ಮುಂದಿದ್ದಾನೆ ಅಂಕಲ್" ಎಂದು ಅವನ ಕೈ ಹಿಡಿದು ನಿಂತಳು.

ಒಂದು ಸಂಜೆ ದೀಪ ಹಚ್ಚುತ್ತಾ ಸೊಸೆ ಬೇಡಿಕೊಂಡದ್ದು ನನ್ನ ಕಿವಿಗೆ ಬಿತ್ತು: "ಇವನಿಗಿಂತ ಒಂದೇ ಒಂದು ದಿನ ಹೆಚ್ಚು ಆಯುಸ್ಸು ಕೊಡಪ್ಪಾ." ನನಗೀಗ 74. ಆ ಬೇಡಿಕೆ ಈಡೇರಿಸುವ ಶಕ್ತಿ ನನಗಿಲ್ಲ. ಬ್ಯಾಂಕ್ ಗುಮಾಸ್ತನಾಗಿದ್ದವನಿಗೆ ಗೊತ್ತಿರುವುದು ಕಾಗದಪತ್ರ. ಹಾಗಾಗಿ ಅವನ ಅಂಗವಿಕಲರ ಗುರುತಿನ ಚೀಟಿ ಮಾಡಿಸಿದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ, ಬುದ್ಧಿಮಾಂದ್ಯತೆ ಇರುವವರಿಗೆ 18 ತುಂಬಿದ ಮೇಲೂ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಆ ಭಾರವನ್ನೆಲ್ಲ ಅಕ್ಕನೊಬ್ಬಳ ತಲೆಗೇ ಕಟ್ಟದೆ, ದೊಡ್ಡವರು ಕೂತು ಈಗಲೇ ಮಾತಾಡಿಕೊಳ್ಳುತ್ತಿದ್ದೇವೆ.

ಮಕ್ಕಳೇ, ನಿಮ್ಮ ಶಾಲೆಯಲ್ಲೂ ಒಬ್ಬ ಪುಟ್ಟ ಇರಬಹುದು. ನಿಧಾನವಾಗಿ ಮಾತಾಡಿಸಿ, ಉತ್ತರ ಬರುವವರೆಗೆ ಕಾಯಿರಿ, ಆಟಕ್ಕೆ ಸೇರಿಸಿಕೊಳ್ಳಿ. ಅವನ ಹೆಸರು ಹಿಡಿದು ಕರೆಯುವ ಗೆಳೆಯರು ಎಷ್ಟು ಹೆಚ್ಚಿದರೆ, ಅವನ ಅಮ್ಮನ ಚಿಂತೆ ಅಷ್ಟು ಇಳಿಯುತ್ತದೆ.